ಯಾರಿಗೂ ಒಂದು ಮಾತು ಅಂದವರಲ್ಲವಂತೆ!

ಮನುಷ್ಯ ಒಳ್ಳೆಯವನಾಗಬೇಕಾದರೆ ಸತ್ತು ಹದಿಮೂರು ದಿನವಾದರೂ ಆಗಬೇಕು. ಅಲ್ಲಿಯವರೆಗೆ ಸಾಲ, ಪಾಲು, ಆಸ್ಪತ್ರೆ ಬಿಲ್ಲು ಎಂದು ಏನಾದರೊಂದು ತಕರಾರು ಇದ್ದೇ ಇರುತ್ತದೆ. ವೈಕುಂಠ ಸಮಾರಾಧನೆಯ ಊಟ ಮುಗಿದು ಕವಳದ ತಟ್ಟೆ ಜಗುಲಿಗೆ ಬಂತು ಅನ್ನಿ, ಆಗ ಶುರುವಾಗುತ್ತದೆ ಗುಣಗಾನ. ನಮ್ಮ ಅಮ್ಮಮ್ಮನ ಸಮಾರಾಧನೆಯಲ್ಲಿ ದೂರದ ನೆಂಟರೊಬ್ಬರು ಎಲೆಗೆ ಸುಣ್ಣ ಸವರುತ್ತಾ, “ಯಾರಿಗೂ ಒಂದು ಮಾತು ಅಂದವರಲ್ಲ, ಪುಣ್ಯಾತ್ಗಿತ್ತಿ” ಅಂದರು. ಜಗುಲಿಯಲ್ಲಿದ್ದ ನಾವು ಅಷ್ಟೂ ಜನ ಮುಖ ಮುಖ ನೋಡಿಕೊಂಡೆವು. ಈ ಆಸಾಮಿ ಮನೆ ತಪ್ಪಿ ಬಂದಿರಬೇಕು.

ಲೆಕ್ಕದ ಪ್ರಕಾರ ಅವರು ಹೇಳಿದ್ದು ಸರಿಯೇ. ಅಮ್ಮಮ್ಮ ಒಂದು ಮಾತು ಅಂದಿದ್ದು ನಾನೂ ಕಂಡಿಲ್ಲ. ಅವಳದು ಏನಿದ್ದರೂ ಒಂದಕ್ಕೆ ನಿಲ್ಲುತ್ತಿರಲಿಲ್ಲ.

ನೆಂಟರು ಬಸ್ಸು ಹತ್ತಿದ ಮೇಲೆ ಅಸಲು ಮಾತು ಹೊರಬಿತ್ತು. ಅತ್ತೆ ಮಜ್ಜಿಗೆಗೆ ನೀರು ಸುರಿದು ಮನೆ ಮರ್ಯಾದೆ ಕಳೆಯುತ್ತಾಳೆಂದು ಅಮ್ಮಮ್ಮ ಚಿಕ್ಕಮ್ಮನಿಗೆ ಹೇಳುತ್ತಿದ್ದಳಂತೆ. ಚಿಕ್ಕಮ್ಮನ ದೋಸೆ ಹರಿಯಲು ಆಳು ಬೇಕೆಂದು ಅತ್ತೆಗೆ ಹೇಳಿದ್ದಳಂತೆ. ಮಾವನ ಕಿವಿಯಲ್ಲಿ ನನ್ನಪ್ಪ ಕೂತಲ್ಲೇ ಬೇರು ಬಿಡುವ ಜಾತಿ; ಅಪ್ಪನ ಕಿವಿಯಲ್ಲಿ ಮಾವ. ಎಲ್ಲವೂ “ನಿಂಗೆ ಮಾತ್ರ ಹೇಳಿದ್ದು, ಬಾಯಿ ಬಿಡಡ” ಎಂಬ ಕರಾರಿನ ಮೇಲೆ. ಅತ್ತೆ ಕೆಂಪಾದಳು, ಚಿಕ್ಕಮ್ಮ ಸೆರಗು ಕೊಡವಿದಳು, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈಗುಳದಲ್ಲಿ ಮಗಳು, ಸೊಸೆ, ಅಳಿಯ ಎಂಬ ಭೇದವೇ ಇರಲಿಲ್ಲ ಮಹಾತಾಯಿಗೆ. ತೋಟವನ್ನೂ ಇಷ್ಟೇ ಸಮನಾಗಿ ಹಂಚಿದ್ದರೆ ಸಾಗರದ ವಕೀಲರೊಬ್ಬರಿಗೆ ಮನೆ ಮೇಲೆ ಮಹಡಿ ಏಳುತ್ತಿರಲಿಲ್ಲ.

ಆದರೆ ಅವಳ ಬೈಗುಳದ ದೊಡ್ಡ ಪಾಲು ನಮಗಲ್ಲ, ಲಿಂಗನಮಕ್ಕಿಗೆ ಮೀಸಲು. ಅಮ್ಮಮ್ಮನ ತವರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ಕೊಟ್ಟಿಗೆ, ಅಡಿಕೆ ತೋಟ, ದೇವರ ಕಟ್ಟೆ ಎಲ್ಲವೂ ಅಡಿಗೆ ಹೋಯಿತು. ಅಣ್ಣತಮ್ಮಂದಿರು ಗಂಟುಮೂಟೆ ಕಟ್ಟಿ ದಿಕ್ಕಿಗೊಬ್ಬರಾದರು. ಬೇರೆ ಹೆಂಗಸರು ಜಗಳವಾದಾಗ ತವರಿಗೆ ಹೋಗುತ್ತೇನೆಂದು ಹೆದರಿಸುತ್ತಿದ್ದರು, ಅಮ್ಮಮ್ಮ ಹಾಗೆಂದರೆ ಅಜ್ಜ “ದೋಣಿ ತರಿಸಲಾ?” ಅನ್ನುತ್ತಿದ್ದನಂತೆ. ಆ ರಾತ್ರಿ ಅಜ್ಜನಿಗೆ ಊಟ ಸಿಕ್ಕಿತೋ ಇಲ್ಲವೋ, ಅದನ್ನು ಯಾರೂ ಹೇಳಿಲ್ಲ.

ಮಳೆಗಾಲ ಬಂತೆಂದರೆ ಪೇಪರಿನಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಅಮ್ಮಮ್ಮನಿಗೆ ಬೇಕಾಗಿದ್ದು ಅದೊಂದೇ. “ಎಷ್ಟಾತ ತಮಾ ಇವತ್ತು?” ಪೂರ್ತಿ ಮಟ್ಟ 1819 ಅಡಿ ಎಂಬುದು ಆ ಮನೆಯ ಮಕ್ಕಳಿಗೆಲ್ಲ ಮಗ್ಗಿಗಿಂತ ಮೊದಲು ಬಾಯಿಪಾಠ. ಸಾವಿರದ ಎಂಟುನೂರು ದಾಟಿತು ಅಂದರೆ ಊರೆಲ್ಲ ಖುಷಿ, ಅವಳ ಮುಖ ಮಾತ್ರ ಗಂಟು. ಮಳೆ ಕೈಕೊಟ್ಟು ಹಿನ್ನೀರು ಇಳಿದ ವರ್ಷ ಊರಿಗೆ ಊರೇ ಕಂಗಾಲಾದರೆ ಇವಳು ಲವಲವಿಕೆಯಿಂದ ಓಡಾಡುವಳು. ಇನ್ನೊಂದಿಷ್ಟು ಇಳಿದರೆ ಅಪ್ಪನ ಮನೆ ಅಂಗಳ ಕಂಡೀತು ಎಂಬ ಲೆಕ್ಕಾಚಾರ. ಅಂಗಳ ಕಾಣಲಿಲ್ಲ. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿ, ಲಿಂಗನಮಕ್ಕಿಯ ನೀರಲ್ಲೇ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮಾತ್ರ ಬರಗಾಲದ ಬೇಸಿಗೆಯಲ್ಲಿ ಮೇಲೇಳುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಊರು ಮುಳುಗಿಸುವ ಕಟ್ಟೆಯೇ ಮುಳುಗಿದ ಸುದ್ದಿ ಹೇಳುವಾಗಲೆಲ್ಲ ಅಮ್ಮಮ್ಮನಿಗೆ ಆಗುತ್ತಿದ್ದ ಆನಂದವಿದೆಯಲ್ಲ, ಮೊಮ್ಮಕ್ಕಳ ಮದುವೆಯಲ್ಲೂ ನಾನದನ್ನು ಕಾಣಲಿಲ್ಲ.

ಕರೆಂಟು ಹೋದರಂತೂ ಮುಗಿಯಿತು. “ನಮ್ಮನೆ ಮುಳುಗ್ಸಿ ಮಾಡಿದ ಕರೆಂಟು, ನಮ್ಗೇ ಇಲ್ಲೆ!” ಕಂಬ ಹತ್ತಲು ಬಂದ ಬಡಪಾಯಿ ಲೈನ್‌ಮನ್ನಿಗೆ ಮೊದಲು ಕಾಫಿ, ಆಮೇಲೆ ಮಂಗಳಾರತಿ. ಅಣೆಕಟ್ಟು ಕಟ್ಟಿದಾಗ ಆ ಹುಡುಗನ ಅಪ್ಪನೂ ಹುಟ್ಟಿರಲಿಕ್ಕಿಲ್ಲ. ಆದರೂ ನಮ್ಮ ಲೈನಿಗೆ ಅವನು ತಪ್ಪದೆ ಬರುತ್ತಿದ್ದ. ಕಾಫಿಯ ಜೊತೆ ಚಕ್ಕುಲಿಯೂ ಇರುತ್ತಿತ್ತು.

ಮುಳುಗಿದ್ದರಲ್ಲಿ ಅವಳು ಮರೆಯಲಾರದೆ ಹೋದದ್ದು ಮನೆಯನ್ನಲ್ಲ, ಹೊಳೆದಂಡೆಯ ಅಪ್ಪೆಮಿಡಿ ಮರವನ್ನು. ಅದರ ಮುಂದೆ ಜಗತ್ತಿನ ಇನ್ನೆಲ್ಲ ಮಿಡಿಯೂ ಹುಣಸೆಬೀಜವಂತೆ. ಆದರೂ ಶಿವರಾತ್ರಿಯ ಆಸುಪಾಸಿನಲ್ಲಿ ಸಾಗರದ ಪೇಟೆಗೆ ಸವಾರಿ ಹೊರಡುವುದು ಬಿಡಲಿಲ್ಲ. ಮಿಡಿಗೆ ತೊಟ್ಟಿರಬೇಕು, ಕೈಯಲ್ಲೇ ಕೊಯ್ದಿರಬೇಕು, ಬಡಿದು ಉದುರಿಸಿದ್ದಾದರೆ ಪೆಟ್ಟು ಬಿದ್ದಲ್ಲಿ ಕೊಳೆಯುತ್ತದೆ. ತೊಟ್ಟು ಮುರಿದು ಸೊನೆ ಮೂಸಿದರೆ ಜೀರಿಗೆಯದೋ ಕರ್ಪೂರದ್ದೋ ಘಮ ಬರಬೇಕು. ಮನೆಗೆ ಬಂದ ಮೇಲೆ ಕಲ್ಲುಪ್ಪಿನ ಜೊತೆ ಭರಣಿಗೆ. ಮಿಡಿ ಮುರುಟಿ ನೀರು ಬಿಡುವವರೆಗೆ ದಿನಾ ತಿರುವಬೇಕು. ಆ ಉಪ್ಪುನೀರನ್ನೇ ಕುದಿಸಿ, ಆರಿಸಿ, ಅದರಲ್ಲೇ ಮೆಣಸು ಸಾಸಿವೆ ರುಬ್ಬಬೇಕು. ಹಸಿ ಕೈಯಲ್ಲಿ ಭರಣಿ ಮುಟ್ಟಿದವರ ಏಳು ತಲೆಮಾರಿಗೂ ಅರ್ಚನೆ.

ಈ ಸಲ ಆ ಸವಾರಿಗೆ ಬೆಂಗಳೂರಿನಿಂದ ಬಂದಿದ್ದ ಚಿಕ್ಕಮ್ಮ ಹೊರಟಳು, ಚೀಲ ಹಿಡಿಯಲು ನಾನು. ಅಮ್ಮಮ್ಮನ ಖಾಯಂ ಮಿಡಿಯವನು ಸುದ್ದಿ ಕೇಳಿ ಲೊಚಗುಟ್ಟಿದ. ನೂರಕ್ಕೆ ಇಷ್ಟು ಅಂತ ರೇಟು ಹೇಳಿ, ಅದರ ಬೆನ್ನಿಗೇ, “ಆ ಅಮ್ಮ ಯಾವತ್ತೂ ಚೌಕಾಸಿ ಮಾಡ್ದೋರಲ್ಲ ಬಿಡಿ. ಹೇಳಿದಷ್ಟು ಕೊಟ್ಟು ಹೋಗೋರು” ಅಂದ.

ಚಿಕ್ಕಮ್ಮ ಮಾತಾಡಲಿಲ್ಲ. ರಾಶಿಯ ಅಡಿಗೆ ಕೈ ಹಾಕಿ ಒಂದು ಮಿಡಿ ತೆಗೆದು, ತೊಟ್ಟು ಮುರಿದು ಮೂಸಿದಳು. “ಇದು ಮಿಡಿಯೇನೋ? ನಿನ್ನೆ ಬಡಿದು ಉದುರಿಸಿದ್ದು. ಸೊನೆಯೂ ಇಲ್ಲೆ, ವಾಸನೆಯೂ ಇಲ್ಲೆ. ನೂರಕ್ಕೆ ಹತ್ತು ಮೇಲೆ ಹಾಕು, ಅದೂ ನಾನು ಆರಿಸಿದ್ದು.”

ಅವನು ಚಿಕ್ಕಮ್ಮನನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದ. “ಅಮ್ಮ ಹೋದ್ರು ಅಂದ್ರಿ, ಬಾಯಿ ಇಲ್ಲೇ ಐತಲ್ಲ ಸ್ವಾಮಿ!” ಅನ್ನುತ್ತಾ ಎಣಿಸಲು ಕೂತ. ಚಿಕ್ಕಮ್ಮ ಎದುರು ಕೂತು ತಾನೂ ಎಣಿಸತೊಡಗಿದಳು.