ಏರಿಯ ಬುಡದಲ್ಲಿ ಒಸರುವ ನೀರಿಗೆ ಒಂದು ಬಹಿರಂಗ ಪತ್ರ

ವಿಷಯ: ಪೂರ್ವಾನುಮತಿ ಇಲ್ಲದೆ ಕೆರೆ ಏರಿಯನ್ನು ದಾಟುತ್ತಿರುವ ಬಗ್ಗೆ.

ಮಣ್ಣಿನ ಏರಿ ಅಷ್ಟಿಷ್ಟು ಸೋರುವುದು ತಪ್ಪಲ್ಲ. ಏರಿಯ ಒಳಗೆ ನೀರು ಮೆಲ್ಲಗೆ ಇಳಿಯುತ್ತಾ ಹಿಂಬದಿಯ ಬುಡ ತಲುಪುತ್ತದೆ. ತಿಳಿಯಾಗಿ ಹೊರಬಂದರೆ ಆತಂಕವಿಲ್ಲ. ಹೊರಬರುವಾಗ ಮಣ್ಣಿನ ಕಣಗಳನ್ನೂ ಹೊತ್ತು ತಂದರೆ ಪ್ರಕರಣ ಬೇರೆ. ಆಗ ಬುಡದಲ್ಲಿ ಹುಟ್ಟಿದ ಸಣ್ಣ ರಂಧ್ರ ಹಿಂದಕ್ಕೆ ಕೊರೆಯುತ್ತಾ ಕೆರೆಯ ಕಡೆಗೆ ಬೆಳೆಯುತ್ತದೆ. ಎರಡರ ವ್ಯತ್ಯಾಸ ತಿಳಿಯಲು ಒಸರನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಟ್ಟು, ತಳದಲ್ಲಿ ಮಣ್ಣು ಕೂತಿದೆಯೇ ಎಂದು ನೋಡಿದರೆ ಸಾಕು. ಒಂದು ಲೋಟಕ್ಕೆ ಟೆಂಡರ್ ಕರೆಯಲು ಬರುವುದಿಲ್ಲವಾದ್ದರಿಂದ ಈ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಮಾನ್ಯ ನೀರು ಬುಡದಲ್ಲಿ ಕಾಣಿಸಿಕೊಂಡು ದೂರು ಕೊಡುವ ಪದ್ಧತಿ ಹಳೆಯದು. ಬುಡದಲ್ಲಿ ಅಚ್ಚುಕಟ್ಟಿನ ಗದ್ದೆ ಇದ್ದ ಕಾಲಕ್ಕೆ ಅದು ಸರಿಯೇ ಇತ್ತು: ತೂಬು ಎತ್ತಲು ಬಂದ ನೀರುಗಂಟಿಯ ಕಾಲಿಗೆ ತೇವ ತಗುಲಿದರೆ ಊರಿಗೇ ಸುದ್ದಿ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಿನ ಎಷ್ಟೋ ಕೆರೆಗಳ ಕೆಳಗೆ ಈಗ ಗದ್ದೆಯ ಜಾಗದಲ್ಲಿ ಲೇಔಟು ಇದೆ. ಅಲ್ಲಿ ಒಸರು ಕಾಣಿಸುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ. ಅದನ್ನು ಏರಿಯ ಸಮಸ್ಯೆ ಎನ್ನದೆ ವಾಟರ್‌ಪ್ರೂಫಿಂಗ್ ಸಮಸ್ಯೆ ಎಂದು ದಾಖಲಿಸಿಕೊಂಡು, ಪಂಪು ಹಾಕಿ ರಸ್ತೆಗೆ ಬಿಡಲಾಗುತ್ತದೆ.

ನೀರು ಆರಿಸಿಕೊಳ್ಳುವ ದಾರಿಗಳು ಹಲವು. ಒಣಗಿದ ಮರದ ಬೇರು ಕೊಳೆತ ಜಾಗ, ಹೆಗ್ಗಣದ ಬಿಲ, ಗೆದ್ದಲ ಹುತ್ತ, ಬೇಸಿಗೆಯ ಬಿರುಕು ಇವೆಲ್ಲ ಅನಾದಿ ಕಾಲದವು. ಹೆಚ್ಚು ಅನುಕೂಲವಾದದ್ದು ಹಳೆಯ ತೂಬು. ಕಲ್ಲಿಗೂ ಮಣ್ಣಿಗೂ ಗಾಢವಾದ ಬೆಸುಗೆ ಆಗುವುದಿಲ್ಲ. ಅವುಗಳ ಸಂದಿಯೇ ನೀರಿಗೆ ರಾಜಮಾರ್ಗ. ಅಚ್ಚುಕಟ್ಟು ಹೋದ ಮೇಲೆ ತೂಬಿನ ಬಾಯಿಗೆ ಕಾಂಕ್ರೀಟು ಜಡಿದು ಮರೆತರೂ ಸಂದಿ ಹಾಗೇ ಉಳಿಯುತ್ತದೆ. ಹೊಸ ದಾರಿಗಳು ನಗರದ ಕೊಡುಗೆ: ಪೈಪು, ಕೇಬಲ್ಲಿಗಾಗಿ ಏರಿಯನ್ನು ಸೀಳಿ, ಅದೇ ಸಡಿಲ ಮಣ್ಣನ್ನು ದಮ್ಮಸು ಮಾಡದೆ ಮತ್ತೆ ತುಂಬುವುದು.

ದುರಸ್ತಿ ಎರಡು ಬಗೆ. ಮೊದಲನೆಯದು ಏರಿಯ ನೆತ್ತಿಯ ಮೇಲೆ ನಡೆಯುವಂಥದ್ದು: ವಾಕಿಂಗ್ ಪಾತ್, ಬಣ್ಣದ ಗ್ರಿಲ್ಲು, ದೀಪದ ಕಂಬ, ಉದ್ಘಾಟನೆಯ ಕಲ್ಲು. ಮಾನ್ಯ ನೀರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಉತ್ಸಾಹ ಹೆಚ್ಚಾದರೆ ಬುಡದ ತೇವದ ಮೇಲೆ ಸಿಮೆಂಟು ಮೆತ್ತುವುದೂ ಉಂಟು. ಹೊರದಾರಿ ಮುಚ್ಚಿದಾಗ ಏರಿಯೊಳಗೆ ಒತ್ತಡ ಏರಿ, ನೀರು ಇನ್ನೊಂದು ಕಡೆ, ಹೆಚ್ಚಾಗಿ ಇನ್ನೂ ಮೇಲೆ, ಹೊರಡುತ್ತದೆ. ಬಿಲ್ಲು ಮಾತ್ರ ಅಷ್ಟರೊಳಗೆ ಪಾಸಾಗಿರುತ್ತದೆ.

ಎರಡನೆಯದು ನೀರನ್ನು ತಡೆಯುವುದಿಲ್ಲ, ಮಣ್ಣನ್ನು ತಡೆಯುತ್ತದೆ. ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ, ಕೊನೆಗೆ ಸೈಜುಗಲ್ಲು. ಈ ಕ್ರಮ ತಪ್ಪಬಾರದು. ಪ್ರತಿ ಪದರದ ಕಣವೂ ತನ್ನ ಹಿಂದಿನ ಪದರವನ್ನು ಹಿಡಿದಿಡುವಷ್ಟು ಸಣ್ಣದಾಗಿರಬೇಕು, ನೀರು ಹರಿದುಹೋಗುವಷ್ಟು ದಪ್ಪವೂ ಇರಬೇಕು. ಸೋಸಿ ಬಂದ ನೀರಿಗೆ ಬುಡದುದ್ದಕ್ಕೂ ಚರಂಡಿ. ಒಳಬದಿಯಲ್ಲಿ ಜೇಡಿಮಣ್ಣನ್ನು ತೆಳು ಪದರಗಳಲ್ಲಿ ಹಾಕಿ ರೋಲರ್ ಓಡಿಸಿ, ಮೇಲೆ ಕಲ್ಲು ಹೊದಿಸಬೇಕು. ತೂಬಿನ ಸುತ್ತ ಬೆಂಟೊನೈಟ್ ಬೆರೆಸಿದ ಸಿಮೆಂಟ್ ಗ್ರೌಟನ್ನು ಕಡಿಮೆ ಒತ್ತಡದಲ್ಲಿ ಇಳಿಸಬೇಕು. ಒತ್ತಡ ಹೆಚ್ಚಾದರೆ ಏರಿಯೇ ಬಿರಿಯುತ್ತದೆ. ಕೆಲಸಕ್ಕೆ ಮುಂಚೆ ಕೆರೆಯ ನೀರನ್ನು ನಿಧಾನವಾಗಿ ಇಳಿಸಬೇಕು. ಅವಸರದಲ್ಲಿ ಖಾಲಿ ಮಾಡಿದರೆ, ನೆನೆದ ಒಳಮೈ ಆಸರೆ ತಪ್ಪಿ ಜಾರುತ್ತದೆ. ಇಷ್ಟೆಲ್ಲ ಆದರೂ ಫೋಟೊಗೆ ಸಿಗುವುದು ಒಂದು ಸಾಲು ಜಲ್ಲಿ.

ಹೊತ್ತು ಮೀರಿದ ಮೇಲಿನ ದುರಸ್ತಿಗೆ ನಿದರ್ಶನ ಅಮೆರಿಕದ ಇಡಾಹೊ ರಾಜ್ಯದ ಟೀಟನ್ ಅಣೆಕಟ್ಟು. 1976ರ ಜೂನ್ 5ರ ಬೆಳಿಗ್ಗೆ ಅದರ ಹಿಂಬದಿಯಲ್ಲಿ ಕೆಸರು ಒಸರು ಕಂಡಿತು. ರಂಧ್ರ ಮುಚ್ಚಲು ಕಳಿಸಿದ ಎರಡು ಬುಲ್‌ಡೋಜರುಗಳನ್ನೂ ಅದು ನುಂಗಿತು. ನಡುಹಗಲಿಗೆ ಕಟ್ಟೆ ಒಡೆದಿತ್ತು. ಸತ್ತವರು 11 ಮಂದಿ. ಕಟ್ಟೆ ಒಡೆಯುವುದು ನಮ್ಮಲ್ಲೂ ಉಂಟು: ಬೆಂಗಳೂರಿನಲ್ಲಿ 2019ರ ಅಕ್ಟೋಬರಿನಲ್ಲಿ ಪೀಣ್ಯದ ಆಚೆಯ ದೊಡ್ಡಬಿದರಕಲ್ಲು ಕೆರೆ ಒಡೆಯಿತು. ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಹುಳಿಮಾವಿನಲ್ಲಿ ನೀರು ನಿರಪರಾಧಿ. ಏರಿಯನ್ನು ಅಗೆದದ್ದೇ ಕಾರಣವೆಂದು ವರದಿಯಾಯಿತು.

ಕಾನೂನಿನ ರಕ್ಷಣೆ ಬೇಕಿದ್ದರೆ ಮಾನ್ಯ ನೀರು ಎತ್ತರದ ಕಟ್ಟೆಯನ್ನೇ ಆರಿಸಿಕೊಳ್ಳತಕ್ಕದ್ದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಮತ್ತು 10ರಿಂದ 15 ಮೀಟರಿನವುಗಳಲ್ಲಿ ಕೆಲವು ಷರತ್ತು ಪೂರೈಸುವವಕ್ಕೆ ಅನ್ವಯ. ಅದಕ್ಕಿಂತ ಗಿಡ್ಡ ಏರಿಯ ಸೋರಿಕೆ ಈ ಕಾಯ್ದೆಯ ಕಣ್ಣಿಗೆ ಸೋರಿಕೆಯಲ್ಲ.

ಪ್ರತಿ: ನೀರುಗಂಟಿಯವರಿಗೆ (ಹುದ್ದೆ ಖಾಲಿ ಇರುವುದರಿಂದ ಕಡತದಲ್ಲಿ ಇರಿಸಲಾಗಿದೆ).