ಬೆಣ್ಣೆ ಹಸುವಿಗೆ ಫ್ಯಾಟ್ ಎಷ್ಟು?

(ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿ ಮೊಯ್ನ್. ಆಗಸ್ಟ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಹನ್ನೊಂದು ಗಂಟೆ. ನೆರಳಿನಲ್ಲೇ 35 ಡಿಗ್ರಿ. ಇದು ಅಯೋವಾದ ರಾಜ್ಯ ಜಾತ್ರೆ, ಶುರುವಾದದ್ದು 1854ರಲ್ಲಿ. ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ, ಹನ್ನೊಂದು ದಿನದ ಈ ಜಾತ್ರೆಗೆ ಬರುವವರು 10 ಲಕ್ಷಕ್ಕೂ ಹೆಚ್ಚು. ಆ ಲೆಕ್ಕಕ್ಕೆ ಈಗ ಇನ್ನೂ ನಾಲ್ವರು ಸೇರುತ್ತಿದ್ದಾರೆ: ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರ ಹಾಲು ಸಂಘದ ನಿವೃತ್ತ ಕಾರ್ಯದರ್ಶಿ ಚಿಕ್ಕೇಗೌಡರು, ಅವರ ಹೆಂಡತಿ ಜಯಮ್ಮ, ಮಗ ಹರೀಶ, ಮೊಮ್ಮಗಳು ಸಿರಿ. ಸೊಸೆ ಜಾಣೆ, ಏಸಿ ಬಿಟ್ಟು ಹೊರಟಿಲ್ಲ.)

ಚಿಕ್ಕೇಗೌಡ: ಏನ್ಲಾ ಹರೀಶ, ಅಮೆರಿಕ ತಣ್ಣಗಿರ್ತದೆ ಅಂತ ನನ್ನ ಕೈಲಿ ಎರಡು ಸ್ವೆಟರ್ ತರಿಸ್ದೆ. ಇಲ್ಲಿ ನೋಡುದ್ರೆ ಇಡ್ಲಿ ಪಾತ್ರೆ ಒಳಗೆ ಕುಂತಂಗದೆ.

ಹರೀಶ: ಅದು ಜೋಳದ ಬೆವರು ಅಪ್ಪ.

ಚಿಕ್ಕೇಗೌಡ: ಬೆವರ್ತಾ ಇರೋನು ನಾನು. ಜೋಳ ಎಲ್ಲಿಂದ ಬಂತು?

ಹರೀಶ: ಇಲ್ಲಿನೋರು ಹಂಗೇ ಅನ್ನೋದು. ಸುತ್ತ ಎತ್ತ ನೋಡಿದ್ರೂ ಮುಸುಕಿನ ಜೋಳ ತಾನೆ? ಬೇರಿಂದ ಎಳೆದ ನೀರನ್ನ ಎಲೆ ಆವಿ ಮಾಡಿ ಬಿಡುತ್ತೆ. ಬೆಳೆದು ನಿಂತ ಒಂದೆಕರೆ ಜೋಳ ದಿನಕ್ಕೆ ಹತ್ತು ಸಾವಿರ ಲೀಟರಿಗೂ ಮೇಲೆ ಬಿಡುತ್ತಂತೆ.

ಚಿಕ್ಕೇಗೌಡ: ಹತ್ತು ಸಾವಿರ ಲೀಟ್ರು! ನಮ್ಮ ಸಂಘಕ್ಕೆ ಒಂದಿನಾನೂ ಅಷ್ಟು ಹಾಲು ಬರ್ನಿಲ್ವಲ್ಲೋ.

ಜಯಮ್ಮ: ಸೇರಿಸಿದ ನೀರನ್ನೂ ಲೆಕ್ಕಕ್ಕೆ ತಗಂಡಿದ್ರೆ ಬತ್ತಿತ್ತು.

ಚಿಕ್ಕೇಗೌಡ: ಲ್ಯಾಕ್ಟೋಮೀಟರ್ ಹಿಡಿದ ಕೈ ಕಣಮ್ಮಿ ಇದು! ನಿಮ್ಮಣ್ಣನ ಹಾಲನ್ನೇ ವಾಪಸ್ ಕಳಿಸಿದ್ದೀನಿ.

ಜಯಮ್ಮ: ಅದಕ್ಕೇ ಅವ್ನು ಮಗಳ ಮದುವೇಲಿ ನಿಮ್ಗೆ ಪಾಯಸ ಬಡಿಸ್ನಿಲ್ಲ.

ಸಿರಿ: ಅಜ್ಜಿ, ಟೈಮ್ ಎಷ್ಟು?

ಜಯಮ್ಮ: (ಕೈಗಡಿಯಾರ ನೋಡಿ) ಒಂಬತ್ತೂವರೆ.

ಸಿರಿ: ಅಷ್ಟು ಬೇಗ ಬಂದ್ಬಿಟ್ವಾ?

ಜಯಮ್ಮ: ಬೆಳಗ್ಗೆ ಅಲ್ಲವ್ವ, ರಾತ್ರಿ.

ಚಿಕ್ಕೇಗೌಡ: ನಿಮ್ಮಜ್ಜಿ ವಿಮಾನ ಹತ್ತಿದಾಗಿಂದ ಗಡಿಯಾರದ ಮುಳ್ಳು ಮುಟ್ಟಿಲ್ಲ ಕಣವ್ವ.

ಜಯಮ್ಮ: ಯಾಕೆ ಮುಟ್ಲಿ? ನಾಲ್ಕು ತಿಂಗಳಿಗೆ ವಾಪಸ್ ಹೋಗೋಳು. ಇವರ ಊರಿನ ಟೈಮು ಇವರಿಗಿರ್ಲಿ. ನನಗೆ ಊರಿನ ಟೈಮೇ ಟೈಮು.

(ತಿಂಡಿ ಅಂಗಡಿಗಳ ಸಾಲು. ಇಲ್ಲಿ ತಿನ್ನುವ ಪದಾರ್ಥಕ್ಕೆಲ್ಲ ಕಡ್ಡಿ ಚುಚ್ಚಿರುತ್ತಾರೆ. ಕಡ್ಡಿ ಇಲ್ಲದೆ ಏನಾದರೂ ಸಿಕ್ಕಿದರೆ ಅದು ನೀರೇ ಇರಬೇಕು.)

ಚಿಕ್ಕೇಗೌಡ: (ಮೂಗರಳಿಸಿ) ಇದೇನ್ಲಾ ಇದು ಘಮ?

ಹರೀಶ: ಪೋರ್ಕ್ ಚಾಪ್. ಹಂದಿ ಪಕ್ಕೆಲುಬಿನ ತುಂಡು, ಕೆಂಡದ ಮೇಲೆ ಸುಟ್ಟಿರೋದು. ಮೂಳೆನೇ ಕಡ್ಡಿ.

ಜಯಮ್ಮ: ಶ್ರಾವಣ ಶನಿವಾರ!

ಚಿಕ್ಕೇಗೌಡ: ನಾನೇನು ತಿಂದ್ನಾ? ವಾಸನೆ ಕೇಳ್ದೆ ಅಷ್ಟೆ.

ಜಯಮ್ಮ: ವಾಸನೇನೂ ಬ್ಯಾಡ. ಉಸಿರು ಬಿಗಿಹಿಡ್ಕೊಂಡು ಈ ಸಾಲು ದಾಟಿ.

ಸಿರಿ: ತಾತ, ಅಲ್ಲಿ ಮೊಟ್ಟೆ ಫ್ರೀ! ಬೇಯಿಸಿದ ಮೊಟ್ಟೆ, ಕಡ್ಡಿ ಚುಚ್ಚಿ ಸುಮ್ನೆ ಕೊಡ್ತಾರೆ.

ಚಿಕ್ಕೇಗೌಡ: ಬಿಟ್ಟಿನಾ?

ಜಯಮ್ಮ: ಬಿಟ್ಟಿ ಕೊಟ್ರೆ ಮೊಟ್ಟೆ ಬದನೇಕಾಯಿ ಆಯ್ತದಾ? (ಸೆರಗು ಮೂಗಿಗೆ ಹಿಡಿದು) ಹರೀಶ, ಆ ಕಡೆಯಿಂದ ಬತ್ತಿರೋದು ಯಾವುದ್ರ ವಾಸನೆ? ಅದೇ, ಬೆಳ್ಳುಳ್ಳಿ ಮೆಣಸು ಸುಟ್ಟಂಗೆ?

ಹರೀಶ: ಟರ್ಕಿ ಕೋಳಿ ಕಾಲು.

ಜಯಮ್ಮ: ಓಹೋ. ತಿಳ್ಕಳದಕ್ಕೆ ಕೇಳ್ದೆ.

(ಶನಿಮಹಾತ್ಮನ ದಯೆಯಿಂದ ಎಲ್ಲರಿಗೂ ಬೆಣ್ಣೆಯಲ್ಲಿ ಅದ್ದಿದ ಸುಟ್ಟ ಜೋಳದ ತೆನೆ. ತಿನ್ನುತ್ತಾ ಕೃಷಿ ಭವನದ ಒಳಗೆ. ಎದುರಿಗೆ ಗಾಜಿನ ಕೋಣೆ. ಒಳಗೆ ಹಳದಿ ಹಸು ನಿಂತಿದೆ, ನಿಜ ಹಸುವಿನ ಎತ್ತರಕ್ಕೆ.)

ಚಿಕ್ಕೇಗೌಡ: ಗೊಂಬೆ ಚೆನ್ನಾಗದೆ. ಮೇಣದ್ದಾ?

ಹರೀಶ: ಬೆಣ್ಣೆ.

ಚಿಕ್ಕೇಗೌಡ: (ತೆನೆ ಬಾಯಲ್ಲೇ ನಿಂತಿತು) ಏನಂದೆ?

ಹರೀಶ: ಅಪ್ಪಟ ಬೆಣ್ಣೆ ಅಪ್ಪ. ಒಳಗೆ ಮರ, ತಂತಿ, ಜಾಲರಿಯ ಚೌಕಟ್ಟು. ಮೇಲೆ ಸುಮಾರು 600 ಪೌಂಡ್ ಬೆಣ್ಣೆ. ನಮ್ಮ ಲೆಕ್ಕದಲ್ಲಿ 272 ಕೆಜಿ. ಕೋಣೆ 4 ಡಿಗ್ರಿಯಲ್ಲಿರುತ್ತೆ. ಈ ಜಾತ್ರೇಲಿ ಮೊದಲನೇ ಬೆಣ್ಣೆ ಹಸು ಮಾಡಿದ್ದು 1911ರಲ್ಲಿ.

ಚಿಕ್ಕೇಗೌಡ: ತಡಿ ತಡಿ. 272. ನೂರಕ್ಕೆ ಎಂಬತ್ತು ಹಿಡಿ. ಗಸಿ ಕಳೆದು ಇನ್ನೂರ ಹದಿನೈದು ಕೆಜಿ ತುಪ್ಪ! ಲೇ ಹರೀಶ, ಇನ್ನೂರ ಹದಿನೈದು ಕೆಜಿ ತುಪ್ಪವ ನಿಲ್ಸಿ ಬಾಲ ಅಂಟಿಸಿದ್ದಾರಲ್ಲೋ!

ಜಯಮ್ಮ: ಮೆಲ್ಲಗೆ. ಜನ ನೋಡ್ತಾವ್ರೆ.

ಚಿಕ್ಕೇಗೌಡ: ನೋಡ್ಲಿ. ಜಾತ್ರೆ ಮುಗಿದ ಮೇಲೆ ಹಂಚ್ತಾರಾ?

ಹರೀಶ: ಇಲ್ಲ, ತೆಗೆದು ಶೈತ್ಯಾಗಾರದಲ್ಲಿಟ್ಟು ಮುಂದಿನ ವರ್ಷ ಮತ್ತೆ ಬಳಸ್ತಾರೆ. ಅದೇ ಬೆಣ್ಣೆ ವರ್ಷಾನುಗಟ್ಟಲೆ ನಡೆಯುತ್ತೆ.

ಚಿಕ್ಕೇಗೌಡ: ಅಯ್ಯೋ, ಕಮಟು ಹಿಡಿದಿರ್ತದಲ್ಲೋ! ಇಂಥ ಹಾಲು ಯಾರಾದ್ರೂ ತಂದಿದ್ರೆ ಕ್ಯಾನ್ ಸಮೇತ ಚರಂಡಿಗೆ ಹಾಕ್ಸಿರ್ತಿದ್ದೆ. (ಗಾಜಿಗೆ ಮೂಗು ಒತ್ತಿ, ಬಹಳ ಹೊತ್ತು ಸುಮ್ಮನಿದ್ದು) ಆದ್ರೂ ಒಂದು ಮಾತು ಹೇಳ್ತೀನಿ. ಮಾಡಿರೋರು ಹಾಲು ಕರೆದು ಬಲ್ಲೋರು ಕನಾ.

ಹರೀಶ: ಹೆಂಗೆ ಹೇಳ್ತೀರಿ?

ಚಿಕ್ಕೇಗೌಡ: ಕೆಚ್ಚಲು ನೋಡು. ಮುಂದಕ್ಕೆ ಹೊಟ್ಟೆ ಕೆಳಗೆ ಹಾದು ಹೋಗಿರೋ ಹಾಲಿನ ನರ ಕಾಣ್ತದಾ, ಸೊಟ್ಟಂಪಟ್ಟ? ಪೇಟೆ ಶಿಲ್ಪಿ ಆಗಿದ್ರೆ ನೆಟ್ಟಗೆ ಎಳೆದಿರೋನು. ಮೊಲೆ ನಾಲ್ಕೂ ಒಂದೇ ಅಳತೆ ಇಲ್ಲ, ಹಿಂದಿನವು ವಸಿ ಗಿಡ್ಡ. ಇದು ಕಂಡು ಮಾಡಿದ್ದು. ಪುಸ್ತಕ ನೋಡಿ ಮಾಡಿದ್ದಲ್ಲ.

ಹರೀಶ: ಸರಿಯಾಗೇ ಹೇಳಿದ್ರಿ. ನಾರ್ಮಾ ಲಯಾನ್ ಅಂತ ಒಬ್ಬರು ರೈತ ಮಹಿಳೆ 1960ರಿಂದ 2005ರ ತನಕ ಇದನ್ನ ಮಾಡ್ತಿದ್ರು. ಪಶುಪಾಲನೆ ಓದಿದವರು. ಈಗ ಮಾಡ್ತಿರೋರೂ ಹೆಂಗಸೇ. ಒಂದೊಂದು ವರ್ಷ ಒಂದೊಂದು ತಳಿ: ಜೆರ್ಸಿ, ಹೋಲ್‌ಸ್ಟೀನ್, ಬ್ರೌನ್ ಸ್ವಿಸ್...

ಚಿಕ್ಕೇಗೌಡ: ಹಳ್ಳಿಕಾರ್ ಮಾಡಿಲ್ವಾ?

ಹರೀಶ: ಕೊಂಬಿಗೇ ಐವತ್ತು ಕೆಜಿ ಬೇಕಾಗುತ್ತೆ ಅಪ್ಪ.

ಜಯಮ್ಮ: ಹೊರಗಡೆ ನಾವು ಕರಗಿ ಹೋಯ್ತಾ ಇದ್ದೀವಿ, ಬೆಣ್ಣೆ ಒಳಗೆ ತಣ್ಣಗೆ ನಿಂತದೆ. ಆ ಬಾಗಿಲು ತೆಗೆಸು ಹರೀಶ. ಮೂಲೇಲಿ ಒಂದರ್ಧ ಗಂಟೆ ಕುಂತ್ಕಂಡು ಬತ್ತೀನಿ, ಹಸು ಮುಟ್ಟಲ್ಲ.

ಸಿರಿ: ತಾತ, 2011ರಲ್ಲಿ ಇಲ್ಲಿ ಬೆಣ್ಣೆನೇ ಕಡ್ಡಿಗೆ ಚುಚ್ಚಿ, ಹಿಟ್ಟಲ್ಲಿ ಅದ್ದಿ ಎಣ್ಣೇಲಿ ಕರಿದು ಮಾರಿದ್ರಂತೆ.

ಚಿಕ್ಕೇಗೌಡ: (ಕೈ ಜೋಡಿಸಿ) ಸಾಕು ಕಣವ್ವ. ಬಿಪಿ ಮಾತ್ರೆ ಮನೇಲೇ ಬಿಟ್ಟು ಬಂದಿದ್ದೀನಿ.

(ಹಂದಿ ಕೊಟ್ಟಿಗೆ. ಉದ್ದನೆಯ ಸಾಲು. ಸಾಲಿನ ಕೊನೆಗೆ, ಹುಲ್ಲು ಹಾಸಿನ ಮೇಲೆ, ಜಾತ್ರೆಯ ಅತಿ ದೊಡ್ಡ ಗಂಡು ಹಂದಿ ಫ್ಯಾನಿನ ಗಾಳಿಗೆ ಗೊರಕೆ ಹೊಡೆಯುತ್ತಿದೆ. ಅದರ ಕೆಲಸ ಅಷ್ಟೇ. ಜನರ ಕೆಲಸ ಅದನ್ನು ನೋಡುವುದು.)

ಹರೀಶ: 2012ರಲ್ಲಿ ಗೆದ್ದ ಹಂದಿ 1335 ಪೌಂಡ್ ತೂಗಿತ್ತು. 605 ಕೆಜಿ.

ಜಯಮ್ಮ: (ಥಟ್ಟನೆ ಕೈ ಮುಗಿದು) ಕಲ್ಲಹಳ್ಳಿ ಭೂವರಾಹನಾಥ!

ಹರೀಶ: ಅಮ್ಮಾ, ಕೈ ಇಳಿಸು.

ಜಯಮ್ಮ: ಯಾಕೆ? ನಮ್ಮ ತಾಲ್ಲೂಕಿನ ಸ್ವಾಮಿ. ಹೇಮಾವತಿ ದಂಡೆಲಿ ಎಷ್ಟು ದೊಡ್ಡ ಮೂರ್ತಿ ಅದೆ! ಅಲ್ಲೂ ಸಾಲಲ್ಲಿ ನಿಂತೇ ನೋಡೋದು. ನೋಡಿ ಇವ್ರೇ, ಈಗ ಕೈ ಮುಗಿದ ಮೇಲೆ ಆ ಮೂಳೆ ಕಡ್ಡಿ ಕಡೆ ತಿರುಗಿ ನೋಡಂಗಿಲ್ಲ. ಶನಿವಾರ ಅಂತಲ್ಲ, ಎಂದೆಂದಿಗೂ.

ಚಿಕ್ಕೇಗೌಡ: ಮುಗಿದೋಳು ನೀನು. ನನ್ನ ಕೈ ಜೇಬಲ್ಲಿತ್ತು.

ಹರೀಶ: ಈ ಜಾತ್ರೆಗೆ ಹಂದಿ ಹೊಡ್ಕೊಂಡು ಬರೋ ರೈತನ ಸಂಸಾರದ ಮೇಲೆ 1932ರಲ್ಲಿ ಕಾದಂಬರಿ ಬಂತು ಅಪ್ಪ. ಮೂರು ಸಲ ಸಿನಿಮಾನೂ ಆಯ್ತು. ಈ ರಾಜ್ಯದಲ್ಲಿ ಹಂದಿ ಎರಡು ಕೋಟಿಗೂ ಮೇಲೆ.

ಚಿಕ್ಕೇಗೌಡ: ಜನ ಮೂವತ್ತೆರಡು ಲಕ್ಷ, ಹಂದಿ ಎರಡು ಕೋಟಿ? ಓಟಿದ್ದಿದ್ರೆ ಸರ್ಕಾರ ಅವುಗಳದ್ದೇ.

ಹರೀಶ: ಓಟಿಗೂ ಇಲ್ಲಿಗೇ ಬರ್ತಾರೆ. ಅಧ್ಯಕ್ಷ ಆಗ್ಬೇಕು ಅನ್ನೋರು ಈ ಬಿಸಿಲಲ್ಲಿ ಹುಲ್ಲಿನ ಪೆಂಡಿ ಪಕ್ಕ ನಿಂತು ಭಾಷಣ ಮಾಡಿ, ಆಮೇಲೆ ಏಪ್ರನ್ ಕಟ್ಕೊಂಡು ಒಲೆ ಮೇಲೆ ಪೋರ್ಕ್ ಚಾಪ್ ತಿರುವಿ ಹಾಕ್ಬೇಕು.

ಚಿಕ್ಕೇಗೌಡ: ನಮ್ಮೋರು ತಿರುವಲ್ಲ, ಬಡಿಸ್ತಾರೆ. ಅದೇ ವಾಸಿ.

(ದನದ ಕೊಟ್ಟಿಗೆ. ಹದಿನಾಲ್ಕರ ಹುಡುಗಿಯೊಬ್ಬಳು ಹಸುವಿಗೆ ಸ್ನಾನ ಮಾಡಿಸಿ, ದೊಡ್ಡ ಗಾಳಿ ಯಂತ್ರದಿಂದ ಮೈ ಒಣಗಿಸುತ್ತಾ, ಕಾಲಿನ ಕೂದಲನ್ನು ಬಾಚಿ ಮೇಲಕ್ಕೆ ನಿಲ್ಲಿಸುತ್ತಿದ್ದಾಳೆ. ಪಕ್ಕದಲ್ಲಿ ಮಡಚುವ ಮಂಚ. ರಾತ್ರಿ ಅವಳು ಮಲಗುವುದೂ ಅಲ್ಲೇ. ಗೌಡರ ಮುಖದಲ್ಲಿ ಬೆಳಗ್ಗಿನಿಂದ ಕಾಣದ ಕಳೆ.)

ಚಿಕ್ಕೇಗೌಡ: ನೋಡು ಹರೀಶ, ಜಾತ್ರೆ ಅಂದ್ರೆ ಇದು! ಹೇಮಗಿರಿ ದನದ ಜಾತ್ರೇಲಿ ನಮ್ಮಪ್ಪ ಹಿಂಗೇ ಎತ್ತಿನ ಪಕ್ಕ ಮಲಗ್ತಿದ್ದ. ಮನೇಲಿ ಒಂದಿನ ನಮ್ಮವ್ವನ್ನ ಹೆಂಗಿದ್ದೀಯ ಅಂತ ಕೇಳ್ದೋನಲ್ಲ, ಎತ್ತಿಗೆ ಮಾತ್ರ ದಿನಾ ಎಣ್ಣೆ ನೀವೋನು. (ಹಸುವಿನ ಬಾಯಿಗೆ ಕೈ ಹಾಕಿ) ನಾಲ್ಕು ಹಲ್ಲು. ಸುಳಿನೂ ಸರಿಯಾಗದೆ.

ಹರೀಶ: ಅಪ್ಪಾ! ಬೇರೆಯೋರ ಹಸು! ಕೇಳದೆ ಬಾಯಿಗೆ ಕೈ ಹಾಕಿದ್ರೆ ಕೇಸ್ ಹಾಕ್ತಾರೆ.

ಚಿಕ್ಕೇಗೌಡ: ಬಾಯಿಗೆ ಕೈ ಹಾಕ್ದೆ ಹಸು ಕೊಳ್ಳೋದು ಹೆಂಗೆ?

ಹರೀಶ: ನಾವು ಕೊಳ್ಳೋಕೆ ಬಂದಿಲ್ಲ!

(ಹುಡುಗಿಯ ತಾತ, ಎತ್ತರದ ರೈತ, ಬಂದು ನಗುತ್ತಾ ಕೈ ಚಾಚುತ್ತಾನೆ. ಗೌಡರು ಕೈ ಹಿಡಿದು, ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಯ ಮೇಲೂ ಮುಚ್ಚುತ್ತಾರೆ. ಹರೀಶ ಹಣೆ ಚಚ್ಚಿಕೊಳ್ಳುತ್ತಾನೆ.)

ಸಿರಿ: ಅಪ್ಪ, ತಾತ ಮ್ಯಾಜಿಕ್ ಮಾಡ್ತಿದ್ದಾರಾ?

ಹರೀಶ: ವ್ಯಾಪಾರ ಮಾಡ್ತಿದ್ದಾರೆ. ಟವೆಲ್ ಒಳಗೆ ಬೆರಳು ಹಿಡಿದು ರೇಟು ಹೇಳೋದು, ಪಕ್ಕದಲ್ಲಿರೋರಿಗೆ ಗೊತ್ತಾಗದ ಹಾಗೆ. ಅಪ್ಪಾ, ಎಷ್ಟು ಬೆರಳು ಹಿಡಿದ್ರಿ?

ಚಿಕ್ಕೇಗೌಡ: ಐದು. ಸುಮ್ಕೆ ತಮಾಷೆಗೆ.

ಹರೀಶ: ಅವನು ತಲೆ ಆಡಿಸ್ತಾ ಇದ್ದಾನಲ್ಲ! ಐದು ಸಾವಿರ ಡಾಲರ್ ಅಂದ್ಕೊಂಡಿದ್ರೆ? ನಮ್ಮದು ಮೂರನೇ ಮಹಡಿ!

ಜಯಮ್ಮ: ಲಿಫ್ಟ್ ಅದೆಯಲ್ಲ. ಬಾಲ್ಕನೀಲಿ ಕಟ್ಟಿದ್ರಾಯ್ತು. ನಿನ್ನ ಹೆಂಡ್ತಿ ಬಟ್ಲು ತೊಳೆಯೋಕೆ ಯಂತ್ರ ಇಟ್ಟವ್ಳೆ, ಅವ್ಳಿಗೂ ವಸಿ ಕೆಲಸ ಆಯ್ತದೆ.

(ಹರೀಶ ವಿವರಣೆ ಕೊಡಲು ರೈತನ ಕಡೆ ತಿರುಗುವಷ್ಟರಲ್ಲಿ ರೈತನೂ ಇಲ್ಲ, ಗೌಡರೂ ಇಲ್ಲ. ಹದಿನೈದು ನಿಮಿಷ ಹುಡುಕಾಟ. ಗೌಡರ ಫೋನು ಜಯಮ್ಮನ ಚೀಲದಲ್ಲೇ ಬಡಿದುಕೊಳ್ಳುತ್ತಿದೆ.)

ಸಿರಿ: (ಕಾರ್ಯಕ್ರಮ ಪಟ್ಟಿ ಹಿಡಿದು) ಅಜ್ಜಿ, ಈ ಜಾತ್ರೇಲಿ ಬೆರಣಿ ಎಸೆಯೋ ಕಾಂಪಿಟಿಷನ್ ಇರುತ್ತೆ. ಒಣಗಿದ ಸಗಣಿ. ದೂರ ಎಸೆದೋರಿಗೆ ಪ್ರೈಸ್.

ಜಯಮ್ಮ: ಎಸೆಯೋರಿಗೆ? ಹುಟ್ಟಿದಾಗಿಂದ ತಟ್ಟಿದ್ದೀನಿ, ಒಬ್ಬ ಪುಣ್ಯಾತ್ಮ ಒಂದು ಲೋಟ ಕೊಡ್ನಿಲ್ಲ.

ಸಿರಿ: ಮತ್ತೆ, ಈಗ ಗಂಡನ್ನ ಕೂಗಿ ಕರೆಯೋ ಕಾಂಪಿಟಿಷನ್ ಇದೆ! ಹಂದಿ ಕರೆಯೋದೂ ಇರುತ್ತೆ, ಆದ್ರೆ ಅದು ಬೇರೆ.

ಜಯಮ್ಮ: ಬೇರೆ ಅಂತ ಇವ್ರೇ ಹೇಳಿದ್ರಾ? ಸದ್ಯ. ನಡಿ, ಹೆಂಗೂ ಕರೆಯೋದು ಅದೆ.

(ವೇದಿಕೆ. ಒಬ್ಬಾಕೆ ಊಟ ಸಿದ್ಧ ಎಂದು ಕೂಗಿದಳು. ಇನ್ನೊಬ್ಬಾಕೆ ಕೂಗಿದ ಧಾಟಿಗೆ ಯಾವ ಗಂಡನೂ ಬರಲಾರ. ನಿರೂಪಕ ಜಯಮ್ಮನಿಗೆ ಮೈಕು ಹಿಡಿದ.)

ಸಿರಿ: ಅಜ್ಜಿ, ತಾತನ ಹೆಸರು ಕೇಳ್ತಿದ್ದಾರೆ.

ಜಯಮ್ಮ: ಹೊಸ್ತಿಲ ಮೇಲೆ ನಿಲ್ಲಿಸಿ ಹೇಳಿಸಿದ್ದೇ ಕೊನೆ. ಇಷ್ಟು ಜನದ ಮುಂದೆ ಹೆಸ್ರು ಹೇಳಾಕಾಯ್ತದಾ? ಮೈಕು ಅತ್ಲಾಗಿಡು ಅನ್ನು. (ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಕೈ ಅಡ್ಡ ಹಿಡಿದು) ಓ... ಹರೀಶನಪ್ಪೋ... ಓ ಹರೀಶನಪ್ಪೋ...! ಎಲ್ಲಿ ಹಾಳಾಗ್ ಹೋಗಿದ್ದೀರಾ... ಓ...!

(ಹೇಮಾವತಿ ನಾಲೆಯ ಈ ದಡದಿಂದ ಆ ದಡದ ಗದ್ದೆಗೆ ಮುಟ್ಟಲು ಪಳಗಿದ ಗಂಟಲು. ಮುಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದ ಮೂವರು ಅಮೆರಿಕನ್ ಗಂಡಂದಿರು ಎದ್ದು ನಿಂತರು. ಜನರೆಲ್ಲ ಸೇರಿ "ಅಪ್ಪೋ!" ಎನ್ನತೊಡಗಿದರು.)

ಚಿಕ್ಕೇಗೌಡ: (ಜನರ ಹಿಂದಿನಿಂದ ಓಡುತ್ತಾ) ಬಂದೇ ಕಣಮ್ಮೀ, ಬಂದೇ!

(ಚಪ್ಪಾಳೆ. ಗೌಡರ ಬಲಗೈಯಲ್ಲಿ ಮೊಳದುದ್ದದ ಟರ್ಕಿ ಕಾಲು. ಬಚ್ಚಿಡಲು ಟವೆಲ್ ಸಾಲದು. ಹಿಂದೆ ಎತ್ತರದ ರೈತ, ಅವನ ಕೈಯಲ್ಲೂ ಒಂದು.)

ಜಯಮ್ಮ: ಏನದು?

ಚಿಕ್ಕೇಗೌಡ: ಇದಾ? ಈವಯ್ಯ ಕೊಡ್ಸಿದ್ದು. ನಾನು ಐದು ಬೆರಳು ಹಿಡಿದದ್ದು ಹೊಟ್ಟೆ ಹಸಿದದೆ ಅಂತ ಅಂದ್ಕಂಡವ್ನೆ. ದೊಡ್ಡ ಮನುಷ್ಯ, ಬ್ಯಾಡ ಅಂದ್ರೆ ಬೇಜಾರು ಮಾಡ್ಕತ್ತಾನೆ. ಹಂದಿ ಮಾತ್ರ ಮುಟ್ಟಿಲ್ಲ, ಭೂವರಾಹನಾಣೆ.

ಜಯಮ್ಮ: ಶ್ರಾವಣ ಶನಿವಾರ!

ಚಿಕ್ಕೇಗೌಡ: ಗಡಿಯಾರ ನೋಡ್ಕೊ.

ಜಯಮ್ಮ: (ನೋಡಿ) ಒಂದೂವರೆ.

ಚಿಕ್ಕೇಗೌಡ: ಹಗಲಾ, ರಾತ್ರಿನಾ?

ಜಯಮ್ಮ: ರಾತ್ರಿ.

ಚಿಕ್ಕೇಗೌಡ: ಯಾವ ವಾರದ ರಾತ್ರಿ ಒಂದೂವರೆ? ಹೇಳು, ಎಲ್ರೂ ಕೇಳ್ಲಿ.

(ಜಯಮ್ಮ ಗಡಿಯಾರ ನೋಡಿದರು, ಟರ್ಕಿ ಕಾಲು ನೋಡಿದರು, ಮತ್ತೆ ಗಡಿಯಾರ ನೋಡಿದರು.)

ಹರೀಶ: ಅಮ್ಮ, ನಿಂಗೆ ಎರಡನೇ ಬಹುಮಾನವಂತೆ. ವೇದಿಕೆಗೆ ಕರೀತಿದ್ದಾರೆ.

ಜಯಮ್ಮ: ವಸಿ ಇರು ಅನ್ನು. (ಗೌಡರಿಗೆ) ಇವ್ರೇ, ಆ ದಪ್ಪಗಿರೋ ಕಡೆ ಕಚ್ಚಬ್ಯಾಡಿ. ಅದು ನಂದು.