ಕಾಕಾನ ನೆಟ್ ರನ್‌ರೇಟ್

ಸೇಡಂನ ಅಡತಿ ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯುವ ನಮ್ಮ ಕಾಕಾ ಹುಟ್ಟಿದ್ದು ಗಣಿತಕ್ಕಾಗಿ, ಹಾಳಾದದ್ದು ಆರ್‌ಸಿಬಿಯಿಂದ. ಐಪಿಎಲ್ ಅರ್ಧಕ್ಕೆ ಬಂತೆಂದರೆ ಅವರ ಕಿಸೆಯಿಂದ ತೂಕದ ಚೀಟಿ ಹೊರಬೀಳುತ್ತದೆ. ಮುಂದೆ ಕ್ವಿಂಟಲ್, ಹಿಂದೆ ಪಾಯಿಂಟ್. "ನಾವು ಉಳಿದ ಆರೂ ಗೆಲ್ಲಬೇಕ್ರಿ. ಚೆನ್ನೈ ಎರಡು ಸೋಲಬೇಕು. ಲಖನೌದಾಗ ಒಂದ್ ಮಳಿ ಬರಬೇಕು. ಆಮ್ಯಾಲ ಎಲ್ಲಾ ನಮ್ಮ ಕೈಯಾಗೇ ಅದ."

ಇಂಥ ಕಾಕಾ ನಮ್ಮ ಕಡೆ ಊರಿಗೊಬ್ಬರಿದ್ದಾರೆ. ವಾಡಿ ಜಂಕ್ಷನ್ನಿನ ಹೊರಗೆ ಚಾ ಕುಡಿಯುತ್ತ ರೈಲು ತಪ್ಪಿಸಿಕೊಳ್ಳುವವರು, ಚಿತ್ತಾಪುರದ ಝೆರಾಕ್ಸ್ ಅಂಗಡಿಯವರು, ಚಿಂಚೋಳಿ ಬಸ್‌ಸ್ಟ್ಯಾಂಡಿನ ಖಾಯಂ ಗಿರಾಕಿಗಳು. ಶಹಾಬಾದಿನವರಿಗೆ ಚೀಟಿಯೂ ಬೇಡ, ಫರ್ಸಿಯ ಮೇಲೇ ಬಳಪದಿಂದ ಬರೆದುಬಿಡುತ್ತಾರೆ.

ನಮಗೆ ಹೈದರಾಬಾದ್ ಹತ್ತಿರ, ಬೆಂಗಳೂರು ಒಂದು ರಾತ್ರಿಯ ರೈಲು. ದವಾಖಾನೆಗೂ ಮದುವೆ ಜವಳಿಗೂ ಅತ್ತಲೇ ಓಡುತ್ತೇವೆ, ಟೀಮು ಮಾತ್ರ ಬೆಂಗಳೂರಿನದು. ಆ ಹೈದರಾಬಾದೇ ಎರಡು ಫೈನಲ್ ಕಸಿದುಕೊಂಡಿತು: 2009ರಲ್ಲಿ ಡೆಕ್ಕನ್ ಚಾರ್ಜರ್ಸ್ 6 ರನ್ನಿನಿಂದ, 2016ರಲ್ಲಿ ಸನ್‌ರೈಸರ್ಸ್ 8 ರನ್ನಿನಿಂದ. "2011ರಾಗ ಚೆನ್ನೈ 58 ರನ್ನಿಲೆ ಹೊಡದದ್ದು ಮರತೀನ್ರಿ, ಅವರು ದೂರದವರು. ಈ 14 ರನ್ ಮಾತ್ರ ಮನ್ಯಾಗಿನ ಬಾಕಿ. 1948ರಾಗ ನಿಜಾಮನ ಕೈಯಿಂದ ಬಿಡಿಸಿಕೊಂಡ್ವಿ, 2009ರಾಗ ಮತ್ತ ಸಿಕ್ಕಿಬಿದ್ವಿ!"

ಕಾಕಾನ ಪಂಚಾಂಗದಲ್ಲಿ ಏಪ್ರಿಲ್ 23 ಒಂದೇ ದಿನ ಹಬ್ಬವೂ ಹೌದು, ತಿಥಿಯೂ ಹೌದು. 2013ರಲ್ಲಿ ಆ ದಿನ ಗೇಲ್ ಒಬ್ಬನೇ 175 ಹೊಡೆದ, ಟೀಮು 263. 2017ರಲ್ಲಿ ಅದೇ ದಿನ ಕೋಲ್ಕತ್ತಾದಲ್ಲಿ 49ಕ್ಕೆ ಆಲ್‌ಔಟ್. ಸೋತದ್ದಕ್ಕಿಂತ ಅವರನ್ನು ಉರಿಸಿದ್ದು ರನ್‌ರೇಟಿನ ಕಾನೂನು. "ಆಡಿದ್ದು 9.4 ಓವರ್. ಆಲ್‌ಔಟ್ ಆದ್ರ 20 ಓವರ್ ಅಂತ ಹಿಡೀತಾರ. ನಮ್ಮ ಅಡತ್ಯಾಗ ಹಿಂಗ ತೂಕ ಮಾಡಿದ್ರ ರೈತರು ಬಿಡ್ತಿದ್ರೇನು?"

2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಮುಂದಿನ ಆರನ್ನೂ ಗೆದ್ದು ತಂಡ ಕೊನೆಯ ನಾಲ್ವರಲ್ಲಿ ಬಂತು. ಆ ವರ್ಷ ಕಾಕಾನ ಚೀಟಿಗೆ ಬಂಗಾರದ ಬೆಲೆ.

ಆಮೇಲೆ 2025. ಗಡಿಯಲ್ಲಿ ಗುಂಡಿನ ಸದ್ದೆದ್ದು ಮೇ 9ರಂದು ಐಪಿಎಲ್ ಒಂದು ವಾರ ನಿಂತಿತು. ನಮ್ಮವರು ಆಗ 11ರಲ್ಲಿ 8 ಗೆದ್ದು 16 ಪಾಯಿಂಟಿನಲ್ಲಿ ಕೂತಿದ್ದರು. "ಏನು ಕಾಕಾ, ಲೆಕ್ಕ?" ಅಂದೆ.

"ಏನ್ ಲೆಕ್ಕೋ ತಮ್ಮಾ, ಗೆಲ್ಲಾಕತ್ತಾರಲ್ಲ," ಅಂದರು, ಸೂತಕದ ಮನೆಯ ದನಿಯಲ್ಲಿ. ಮಿರ್ಚಿ ತಟ್ಟೆ ಹಾಗೇ ಆರಿತು. ಕಪ್ ನಮ್ಮದೇ ಎಂದು ಹುಡುಗರು ಕೂಗಿದರೆ ಗದರಿಸಿದರು. ರೊಕ್ಕ ಕೈಗೆ ಬರದೆ ಜಮಾ ಬರೆಯುವ ಮುನೀಮ ಅವರಲ್ಲ. ಹದಿನೇಳು ಸೀಸನ್ ಸೋಲು ನೋಡಿದವರಿಗೆ ಗೆಲುವು ಯಾರೋ ಮರೆತು ಬಿಟ್ಟುಹೋದ ಚೀಲದಂತೆ ಕಂಡಿರಬೇಕು. ಮುಟ್ಟಲು ಭಯ.

ನಾಲ್ಕನೇ ದಿನ ಓಡೋಡಿ ಬಂದರು. ಚೀಟಿಯ ಹಿಂಬದಿ ತುಂಬಿತ್ತು. "ಹತ್ತೇತಿ ನೋಡು ಲೆಕ್ಕ! ಉಳಿದ ಮೂರೂ ಸೋತು, ಪಂಜಾಬ್, ಮುಂಬೈ, ದಿಲ್ಲಿ ಗೆದ್ದ್ರ ನಾವು ಹೊರಗ!" ಮುಖದಲ್ಲಿ ಕಳೆ ಬಂದಿತ್ತು. ಎರಡು ಪ್ಲೇಟ್ ಸುಸಲಾ, ಮಿರ್ಚಿ ಹೇಳಿದರು. ರೊಕ್ಕ ನಾನು ಕೊಟ್ಟೆ.

ಮೇ 17, ಶನಿವಾರ, ಆಟ ಮತ್ತೆ ಶುರು. ಕಾಕಾ ಇಷ್ಟು ವರ್ಷ ಊರೂರಿಗೆ ಬೇಡಿದ ಮಳೆ ಅವತ್ತು ಸೀದಾ ಚಿನ್ನಸ್ವಾಮಿಗೇ ಬಂತು. ಒಂದು ಬಾಲೂ ಬೀಳಲಿಲ್ಲ. ಪಾಯಿಂಟ್ ಒಂದೊಂದು ಹಂಚಿದರು, ನಮಗೆ 17. ಹೊರಬಿದ್ದದ್ದು ಎದುರಿಗಿದ್ದ ಕೋಲ್ಕತ್ತಾ.